ಹೊಸ ನಾಯಿಮರಿ ತಂದವರಿಗೆ

ರಾಯಚೂರಿನ ಈ ಬಿಸಿಲಲ್ಲಿ ಮರಿ ತಂದಿದ್ದೀರಾ? ಮೊದಲ ಎರಡು ಮೂರು ರಾತ್ರಿ ಕುಂಯ್‌ಗುಡುತ್ತದೆ. ತಾಯಿಯನ್ನು ಬಿಟ್ಟು ಬಂದಿದೆ ಅಲ್ವಾ! ಹಳೆ ಕೌದಿ ಮಡಚಿ ನಿಮ್ಮ ಮಂಚದ ಪಕ್ಕದಲ್ಲೇ ಹಾಸಿ.

ಜಾಸ್ತಿ ತಲೆನೋವು ಉಚ್ಚೆಯದ್ದು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹಿತ್ತಲಿಗೆ ಎತ್ತಿಕೊಂಡು ಹೋಗಿ, ದಿನಾ ಒಂದೇ ಜಾಗಕ್ಕೆ ಬಿಡಿ. ನೆಲ ಮೂಸುತ್ತಾ ಸುತ್ತು ಹಾಕಿದರೆ ಟೈಮ್ ಆಯ್ತು ಅಂತ ಲೆಕ್ಕ. ಹೊರಗೆ ಮಾಡಿದ ತಕ್ಷಣ ಬೆನ್ನು ಸವರಿ, ಬೇಯಿಸಿದ ಮೊಟ್ಟೆ ಒಂದು ಚೂರು ಕೊಡಿ. ಒಳಗೆ ಮಾಡಿದರೆ ಸುಮ್ನೆ ಒರೆಸಿ. ನಾನು ಬೈದಿದ್ದಕ್ಕೆ ನಮ್ಮದು ಸೋಫಾ ಹಿಂದೆ ಕದ್ದು ಮಾಡೋಕೆ ಕಲಿತಿತ್ತು!

ಮಧ್ಯಾಹ್ನ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿ. ನಿಮಗೆ ತಡೆಯದಿದ್ದರೆ ಮರಿಯ ಪಾದಕ್ಕೂ ತಡೆಯುವುದಿಲ್ಲ. ಪಾರ್ವೊ ಅಂದರೆ ಮರಿಗಳ ಜೀವಕ್ಕೇ ಕುತ್ತು ತರುವ ವಾಂತಿ-ಭೇದಿ ರೋಗ; ಅದರ ಲಸಿಕೆಯ ಡೋಸ್‌ಗಳು ಮುಗಿಯುವವರೆಗೆ ಬೀದಿಗೆ ಬಿಡಬೇಡಿ.