‘ನಾಟ್’ ಇರಬೇಕಾದಲ್ಲಿ ‘ನೌ’: ಡಾಕ್ಯುಮೆಂಟೇಶನ್ ತಿದ್ದಿದ ನನ್ನ ಅನುಭವ

ಹತ್ತು ಸಲ ಓಡಿಸಿದರೆ ಏಳೆಂಟು ಸಲ ಪ್ರೋಗ್ರಾಂ ಸರಿಯಾಗಿಯೇ ಮುಗಿಯುತ್ತಿತ್ತು. ಉಳಿದ ಸಲ ಕನೆಕ್ಷನ್ ಮುಚ್ಚುವ ಹೊತ್ತಿಗೆ ಕ್ರ್ಯಾಶ್. ಟಿಎಲ್‌ಎಸ್ (ಜಾಲದ ಸಂಪರ್ಕವನ್ನು ಗೂಢಲಿಪಿಯಿಂದ ಕಾಪಾಡುವ ಪ್ರೊಟೊಕಾಲ್) ಲೈಬ್ರರಿಯೊಂದನ್ನು ಬಳಸಿ ನಾನು ಬರೆದಿದ್ದ ಚಿಕ್ಕ ಕ್ಲೈಂಟ್ ಅದು. ಎರಡು ದಿನ ನನ್ನ ಕೋಡನ್ನೇ ಅನುಮಾನಿಸುತ್ತ ಕೂತೆ. ಕೊನೆಗೆ ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಓಡಿಸಿದಾಗ, ಒಂದೇ ಮೆಮೊರಿ ಎರಡು ಸಲ ಫ್ರೀ ಆಗುತ್ತಿದೆ (ಅಂದರೆ ಬಳಸಿ ಮುಗಿದ ಜಾಗವೆಂದು ಎರಡು ಸಲ ಬಿಟ್ಟುಕೊಡಲಾಗುತ್ತಿದೆ) ಎಂದು ಗೊತ್ತಾಯಿತು. ನಾನಾದರೋ ಲೈಬ್ರರಿಯ ಡಾಕ್ಯುಮೆಂಟೇಶನ್ (ಬಳಕೆಯ ಕೈಪಿಡಿ) ಹೇಳಿದ್ದನ್ನೇ ಮಾಡಿದ್ದೆ.

ಆ ಪುಟವನ್ನು ಮತ್ತೆ ತೆರೆದೆ. ಫಂಕ್ಷನ್ ಕೊಡುವ ಪಾಯಿಂಟರ್ (ಮೆಮೊರಿಯ ವಿಳಾಸ) ಬಗ್ಗೆ ‘ಮಸ್ಟ್ ನೌ ಬಿ ಫ್ರೀಡ್’ ಎಂದಿತ್ತು. ಲೈಬ್ರರಿಯ ಸೋರ್ಸ್ ತೆಗೆದು ನೋಡಿದರೆ ಆ ಫಂಕ್ಷನ್ ತನ್ನೊಳಗೆ ಇಟ್ಟುಕೊಂಡಿದ್ದ ಪಾಯಿಂಟರನ್ನೇ ಎತ್ತಿ ಕೊಡುತ್ತಿತ್ತು. ಕನೆಕ್ಷನ್ ಮುಚ್ಚುವಾಗ ಲೈಬ್ರರಿಯೇ ಅದನ್ನು ಫ್ರೀ ಮಾಡುತ್ತಿತ್ತು. ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ನಾಟ್’. ಟಿ ಬರಬೇಕಾದಲ್ಲಿ ಡಬ್ಲ್ಯೂ ಬಿದ್ದು, ‘ಫ್ರೀ ಮಾಡಬಾರದು’ ಎಂಬ ಮಾತು ‘ಈಗ ಫ್ರೀ ಮಾಡಲೇಬೇಕು’ ಎಂದಾಗಿತ್ತು. ಎರಡೂ ಸರಿಯಾದ ಪದಗಳೇ ಆದ್ದರಿಂದ ಯಾವ ಸ್ಪೆಲ್ ಚೆಕರ್ ಕಣ್ಣಿಗೂ ಬಿದ್ದಿರಲಿಲ್ಲ. ಡಬಲ್ ಫ್ರೀ ಬರೀ ಕ್ರ್ಯಾಶ್ ಆಗಿ ಮುಗಿಯುವ ತಪ್ಪಲ್ಲ. ದಾಳಿ ಮಾಡುವವರಿಗೆ ಬಾಗಿಲು ತೆರೆದುಕೊಡಬಲ್ಲ ತಪ್ಪು. ಭದ್ರತೆಗೆಂದೇ ಇರುವ ಲೈಬ್ರರಿಯ ಪುಟದಲ್ಲಿ ಅದನ್ನು ಮಾಡಿ ಎಂದು ಹೇಳಿಕೊಟ್ಟಂತಾಗಿತ್ತು.

ಆ ಒಂದು ಅಕ್ಷರವನ್ನು ತಿದ್ದಿ ಕಳಿಸಿದೆ. ಆಮೇಲೆ ಉಳಿದ ಪುಟಗಳನ್ನು ಓದದೆ ಇರಲು ಮನಸ್ಸಾಗಲಿಲ್ಲ.

ಮೊದಲು ಹನ್‌ಸ್ಪೆಲ್ ಎಂಬ ಸ್ಪೆಲ್ ಚೆಕರ್ ಓಡಿಸಿದೆ. ಅದು ಪ್ರತಿಯೊಂದು ಫಂಕ್ಷನ್ ಹೆಸರನ್ನೂ, ಪ್ರತಿಯೊಂದು ಅಲ್ಗಾರಿದಮ್ ಹೆಸರನ್ನೂ ತಪ್ಪೆಂದು ತೋರಿಸಿತು. ಆ ರಾಶಿಯಲ್ಲಿ ನಿಜವಾದ ತಪ್ಪು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಇಂಥ ಕೆಲಸಕ್ಕೆ ಹೊಂದುವುದು ಕೋಡ್‌ಸ್ಪೆಲ್. ಅದು ಪೂರ್ತಿ ನಿಘಂಟನ್ನು ಇಟ್ಟುಕೊಂಡು ಹೋಲಿಸುವುದಿಲ್ಲ. ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳ ಪಟ್ಟಿಯೊಂದು ಅದರ ಬಳಿ ಇದೆ, ಆ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಹಿಡಿಯುತ್ತದೆ. ‘ರಿಸೀವ್’ನಲ್ಲಿ ಇ, ಐ ಅದಲುಬದಲಾದದ್ದು, ‘ಸೆಪರೇಟ್’ನಲ್ಲಿ ಎ ಬದಲು ಇ ಬಂದದ್ದು, ‘ಅಕರ್ಡ್’ನಲ್ಲಿ ಎರಡು ಆರ್ ಬದಲು ಒಂದೇ ಉಳಿದದ್ದು, ಇವೆಲ್ಲ ಒಂದೇ ಏಟಿಗೆ ಸಿಕ್ಕವು.

ಇಲ್ಲಿ ಒಂದು ಎಚ್ಚರಿಕೆ. ಡಬ್ಲ್ಯೂ ಆಪ್ಷನ್ ಕೊಟ್ಟರೆ ಕೋಡ್‌ಸ್ಪೆಲ್ ತಾನೇ ಫೈಲಿನಲ್ಲಿ ತಿದ್ದಿ ಬರೆದುಬಿಡುತ್ತದೆ. ಮೊದಲ ದಿನ ನಾನು ಹಾಗೇ ಮಾಡಿದೆ. ಕಮಿಟ್ ಮಾಡುವ (ಬದಲಾವಣೆಯನ್ನು ದಾಖಲಿಸುವ) ಮುಂಚೆ, ಏನೇನು ಬದಲಾಗಿದೆ ಎಂದು ತೋರಿಸುವ ಗಿಟ್ ಡಿಫ್ ನೋಡುತ್ತಿದ್ದಾಗ, ಒಂದು ಪುಟದಲ್ಲಿ ಮಾದರಿಗೆಂದು ಕೊಟ್ಟಿದ್ದ ಸರ್ಟಿಫಿಕೇಟಿನ ಮಧ್ಯದ ಸಾಲೊಂದು ಬದಲಾಗಿದ್ದು ಕಾಣಿಸಿತು. ಸರ್ಟಿಫಿಕೇಟನ್ನು ಪಠ್ಯವಾಗಿ ಬರೆಯುವ ಬೇಸ್64 ವಿಧಾನದಲ್ಲಿ ಅಕ್ಷರ, ಅಂಕಿಗಳ ಜೊತೆ ಪ್ಲಸ್ ಮತ್ತು ಸ್ಲ್ಯಾಶ್ ಗುರುತುಗಳೂ ಬರುತ್ತವೆ. ಒಂದು ಸ್ಲ್ಯಾಶ್‌ಗೂ ಒಂದು ಪ್ಲಸ್‌ಗೂ ನಡುವೆ ಟಿ, ಇ, ಎಚ್ ಎಂಬ ಮೂರು ಅಕ್ಷರ ಸಿಕ್ಕಿಬಿದ್ದಿದ್ದವು. ಟೂಲ್ ಅದನ್ನು ‘ದಿ’ ಪದದ ತಪ್ಪು ಎಂದುಕೊಂಡು ನೆಟ್ಟಗೆ ಮಾಡಿತ್ತು! ಆ ಸರ್ಟಿಫಿಕೇಟನ್ನು ನಕಲು ಮಾಡಿಕೊಂಡು ಪ್ರಯೋಗಿಸುವ ಯಾರಿಗೇ ಆದರೂ ಅದು ಓದಲು ಬಾರದೆ ಹೋಗುತ್ತಿತ್ತು, ಇಲ್ಲವೇ ಸಹಿ ತಾಳೆಯಾಗುತ್ತಿರಲಿಲ್ಲ. ಎಲ್ಲವನ್ನೂ ಹಿಂದಕ್ಕೆ ತಂದು, ಒಂದೊಂದನ್ನೂ ಕೇಳಿ ತಿದ್ದುವ ಐ ಆಪ್ಷನ್ನಿಗೆ ಬಂದೆ. ನಿಧಾನ, ಆದರೆ ರಾತ್ರಿ ನೆಮ್ಮದಿಯ ನಿದ್ದೆ ಬರುತ್ತದೆ.

ತಿದ್ದಬಾರದ ತಪ್ಪುಗಳೂ ಇವೆ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ಯಾವ ಪುಟದಿಂದ ಬಂದೆವೆಂದು ಬ್ರೌಸರ್ ಸರ್ವರ್‌ಗೆ ಹೇಳುವ ಎಚ್‌ಟಿಟಿಪಿಯ ‘ರೆಫರರ್’ ಹೆಡರನ್ನೇ ನೋಡಿ. ನಡುವೆ ಎರಡು ಆರ್ ಇರಬೇಕಾದಲ್ಲಿ ಒಂದೇ ಇದೆ. ಎಚ್‌ಟಿಟಿಪಿಯನ್ನು ವಿವರಿಸುವ 1996ರ ಇಂಟರ್ನೆಟ್ ದಾಖಲೆ ಆರ್‌ಎಫ್‌ಸಿ 1945ರಲ್ಲೇ ಹಾಗೆ ಅಚ್ಚಾಗಿ, ಇವತ್ತಿಗೂ ಬ್ರೌಸರ್, ಸರ್ವರ್‌ಗಳೆಲ್ಲ ಆ ತಪ್ಪು ಕಾಗುಣಿತದಲ್ಲೇ ಮಾತಾಡಿಕೊಳ್ಳುತ್ತವೆ. ಫೈಲ್ ಸೃಷ್ಟಿಸುವ ಯುನಿಕ್ಸಿನ ‘ಕ್ರಿಯೇಟ್’ ಸಿಸ್ಟಂ ಕಾಲ್‌ಗೆ ಕೊನೆಯ ಇ ಅಕ್ಷರವೇ ಇಲ್ಲ. ನಾನು ತಿದ್ದುತ್ತಿದ್ದ ಲೈಬ್ರರಿಯಲ್ಲೂ ಒಂದು ಕಾನ್‌ಸ್ಟಂಟಿನ ಹೆಸರಿನಲ್ಲಿ ಅಕ್ಷರವೊಂದು ಬಿಟ್ಟುಹೋಗಿತ್ತು. ಲೈಬ್ರರಿಯ ಹೆಸರುಗಳನ್ನು ಘೋಷಿಸುವ ಹೆಡರ್ ಫೈಲಿನಲ್ಲಿ ತಪ್ಪಾಗಿಯೇ ಇದೆ ಎಂದಮೇಲೆ ಡಾಕ್ಯುಮೆಂಟೇಶನ್‌ನಲ್ಲೂ ತಪ್ಪಾಗಿಯೇ ಇರಬೇಕು. ನಾನು ಪುಟದಲ್ಲಿ ಸರಿ ಮಾಡಿದ್ದರೆ, ಅದನ್ನು ನೋಡಿ ಬರೆದವರ ಕೋಡ್ ಕಂಪೈಲ್ ಆಗುತ್ತಿರಲಿಲ್ಲ.

ಎರರ್ ಸಂದೇಶಗಳದ್ದೂ ಇದೇ ಕಥೆ. ಸಿ ಫೈಲಿನೊಳಗಿನ ಒಂದು ಸಂದೇಶದಲ್ಲಿ ‘ರಿಸೀವ್ಡ್’ ತಪ್ಪಾಗಿತ್ತು. ತಿದ್ದಿದೆ, ಮೂರು ಟೆಸ್ಟ್ ಬಿದ್ದವು. ಆ ವಾಕ್ಯವನ್ನು ಅಕ್ಷರಶಃ ಹೋಲಿಸಿ ನೋಡುವ ಟೆಸ್ಟ್‌ಗಳಿದ್ದವು. ಲಾಗ್‌ನಲ್ಲಿ ಆ ಸಾಲನ್ನೇ ಹುಡುಕುವ ಸ್ಕ್ರಿಪ್ಟ್‌ಗಳು ಯಾರ‍್ಯಾರ ಬಳಿ ಇವೆಯೋ. ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್ ಅದನ್ನು ಬೇರೆ ಪ್ಯಾಚ್ ಮಾಡಿ ಕೊಡಿ ಎಂದರು, ಅವರ ಮಾತು ಸರಿಯೇ. ಅಂದಿನಿಂದ ಪುಟಗಳು ಮತ್ತು ಕಾಮೆಂಟ್‌ಗಳ ತಿದ್ದುಪಡಿ ಒಂದು ಕಮಿಟ್, ಪ್ರೋಗ್ರಾಂ ಹೊರಗೆ ಹಾಕುವ ಪಠ್ಯದ ತಿದ್ದುಪಡಿ ಇನ್ನೊಂದು ಕಮಿಟ್.

‘ಇನಿಶಿಯಲೈಸ್’ನಲ್ಲಿ ಎಸ್ ಇರಲಿ, ಝಡ್ ಇರಲಿ, ನಾನು ಮುಟ್ಟುವುದಿಲ್ಲ. ಅದು ಬ್ರಿಟಿಷ್, ಅಮೆರಿಕನ್ ರೂಢಿಯ ಪ್ರಶ್ನೆ, ತಪ್ಪಲ್ಲ.

ದೊಡ್ಡಕ್ಷರಗಳ ವಿಷಯ ಹಾಗಲ್ಲ. ಪ್ರೊಟೊಕಾಲ್ ವಿವರಿಸುವ ಪುಟಗಳಲ್ಲಿ ‘ಮಸ್ಟ್’, ‘ಶುಡ್’, ‘ಮೇ’ ಪದಗಳು ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಕಣ್ಣಿಗೆ ಚುಚ್ಚುತ್ತವೆ, ಸಣ್ಣಕ್ಷರ ಮಾಡೋಣ ಅನಿಸುತ್ತದೆ. ಮಾಡಬಾರದು. 1997ರ ಆರ್‌ಎಫ್‌ಸಿ 2119 ಆ ಪದಗಳಿಗೆ ನಿಯಮದ ತೂಕ ಕೊಟ್ಟಿದೆ. ದೊಡ್ಡಕ್ಷರದಲ್ಲಿದ್ದಾಗ ಮಾತ್ರ ಆ ತೂಕ ಎಂದು 2017ರ ಆರ್‌ಎಫ್‌ಸಿ 8174 ಬಿಡಿಸಿ ಹೇಳಿದೆ. ಚಂದ ಮಾಡಲು ಹೋಗಿ ಕಡ್ಡಾಯವನ್ನು ಸಲಹೆಯಾಗಿಸಿದಂತೆ ಆದೀತು.

ಟೂಲ್ ಹಿಡಿಯದ ತಪ್ಪುಗಳಿಗೆ ನಾನೇ ಒಂದು ಪಟ್ಟಿ ಮಾಡಿಕೊಂಡೆ. ನಾಟ್–ನೌ, ಫ್ರಮ್–ಫಾರ್ಮ್, ಸಿಮೆಟ್ರಿಕ್–ಅಸಿಮೆಟ್ರಿಕ್. ಕೊನೆಯ ಜೋಡಿಯಲ್ಲಿ ಒಂದು ಎ ಬಿಟ್ಟರೆ ಗುಟ್ಟಿನ ಒಂದೇ ಕೀಯ ಮಾತೋ, ಸಾರ್ವಜನಿಕ ಮತ್ತು ಖಾಸಗಿ ಕೀಗಳ ಜೋಡಿಯ ಮಾತೋ ಎಂಬುದೇ ತಿರುಗಿಬೀಳುತ್ತದೆ. ಒಂದೊಂದು ಪದವನ್ನೂ ಗಿಟ್ ಗ್ರೆಪ್‌ನಲ್ಲಿ ಹುಡುಕಿ, ಸಿಕ್ಕ ಸಾಲನ್ನೆಲ್ಲ ಬಾಯಿಬಿಟ್ಟು ಓದಿದೆ. ಇಂಗ್ಲಿಷ್ ಪಳಗಿದ ಕಣ್ಣು ಪದದ ಆಕಾರ ನೋಡಿ ಜಾರಿಹೋಗುತ್ತದೆ. ಕನ್ನಡದಲ್ಲಿ ಬರೆದದ್ದನ್ನು ಬರೆದಂತೆಯೇ ಓದುವ ಅಭ್ಯಾಸ ನನಗೆ ಇಲ್ಲಿ ಕೈಹಿಡಿಯಿತು. ಅಕ್ಷರ ಅಕ್ಷರ ಉಚ್ಚರಿಸಿದರೆ ತಪ್ಪು ನಾಲಿಗೆಗೆ ತಾಗುತ್ತದೆ.

ಇಂಥ ಸಾಲುಗಳಲ್ಲಿ ಯಾವುದು ಸರಿ ಎಂದು ವ್ಯಾಕರಣ ಹೇಳುವುದಿಲ್ಲ, ಕೋಡ್ ಹೇಳುತ್ತದೆ. ಹಾಗಾಗಿ ‘ಫ್ರೀ ಮಾಡಿ’, ‘ಫ್ರೀ ಮಾಡಬೇಡಿ’ ಎಂದು ಬರುವ ಪ್ರತಿ ಸಾಲಿಗೂ ಫಂಕ್ಷನ್ನಿನ ಒಳಗೆ ಹೋಗಿ ನೋಡಿದೆ. ಓಪನ್‌ಎಸ್‌ಎಸ್‌ಎಲ್ ಎಂಬ ಟಿಎಲ್‌ಎಸ್ ಲೈಬ್ರರಿಯಲ್ಲಿ ಇದಕ್ಕೆ ಒಳ್ಳೆಯ ರೂಢಿಯೊಂದಿದೆ. ಹೆಸರಿನಲ್ಲಿ ‘ಗೆಟ್0’ ಇದ್ದರೆ ಪಾಯಿಂಟರ್ ಲೈಬ್ರರಿಯದ್ದು, ಫ್ರೀ ಮಾಡಬಾರದು. ‘ಗೆಟ್1’ ಇದ್ದರೆ ಫ್ರೀ ಮಾಡುವ ಹೊಣೆ ನಮ್ಮದು. ಎದುರು ಪಕ್ಷದ ಸರ್ಟಿಫಿಕೇಟ್ ತರುವ ಹಳೆಯ ಫಂಕ್ಷನ್ನಿನ ಹೆಸರಲ್ಲಿ ಈ ಅಂಕಿ ಇರಲಿಲ್ಲ. 3.0 ಆವೃತ್ತಿಯಲ್ಲಿ ಅದಕ್ಕೆ 1 ಸೇರಿಸಿ, ಪಕ್ಕದಲ್ಲೇ 0 ಇರುವ ಇನ್ನೊಂದನ್ನು ತಂದರು. ಡಾಕ್ಯುಮೆಂಟೇಶನ್‌ನಲ್ಲಿ ಅಕ್ಷರ ತಪ್ಪಿದರೂ ಹೆಸರೇ ಕಾಪಾಡುತ್ತದೆ. ಆ ಲೈಬ್ರರಿಗೇ ತಿದ್ದುಪಡಿ ಕಳಿಸುವವರಿದ್ದರೆ, ಕಾಗುಣಿತದಂಥ ಚಿಕ್ಕ ಬದಲಾವಣೆಗೆ ಕಮಿಟ್ ಸಂದೇಶದಲ್ಲಿ ‘ಸಿಎಲ್‌ಎ: ಟ್ರಿವಿಯಲ್’ (ಕೊಡುಗೆದಾರರ ಒಪ್ಪಂದಕ್ಕೆ ಸಹಿ ಬೇಡದಷ್ಟು ಚಿಕ್ಕದು ಎಂದರ್ಥ) ಎಂಬ ಸಾಲು ಹಾಕುವ ಪದ್ಧತಿ ಇದೆ. ಪುಟದ ರಚನೆ ಕೆಟ್ಟಿಲ್ಲವೇ ಎಂದು ನೋಡಲು ‘ಮೇಕ್ ಡಾಕ್-ನಿಟ್ಸ್’ ಓಡಿಸಬಹುದು.

ನಾನು ಕಳಿಸಿದ್ದರಲ್ಲಿ ಅರ್ಥವೇ ಬದಲಾಗುವ ತಿದ್ದುಪಡಿ ನಾಲ್ಕೇ ನಾಲ್ಕು. ಅವಕ್ಕೆ ಪ್ರತ್ಯೇಕ ಕಮಿಟ್ ಮಾಡಿ, ಕೋಡಿನ ಯಾವ ಫೈಲಿನ ಯಾವ ಸಾಲು ನೋಡಿ ಹೀಗೆ ತಿದ್ದಿದೆ ಎಂದು ಬರೆದೆ. ಉಳಿದವನ್ನು ಗಿಟ್ ಡಿಫ್‌ನ ವರ್ಡ್-ಡಿಫ್ ಆಪ್ಷನ್ ಹಾಕಿ ಇನ್ನೊಮ್ಮೆ ಪರಿಶೀಲಿಸಿ ಕಳಿಸಿದೆ. ಇಡೀ ಸಾಲೇ ಬದಲಾಯಿತೆಂದು ತೋರಿಸದೆ ಬದಲಾದ ಪದವನ್ನಷ್ಟೇ ಅದು ಗುರುತು ಮಾಡಿ ತೋರಿಸುತ್ತದೆ, ರಿವ್ಯೂ ಮಾಡುವವರಿಗೂ ಇದನ್ನೇ ಬಳಸಿ ಎಂದು ಹೇಳಿದೆ.

ಆ ಅಕ್ಷರ ಬಿಟ್ಟ ಕಾನ್‌ಸ್ಟಂಟ್ ಈಗಲೂ ಹಾಗೇ ಇದೆ. ಅದರ ಕೆಳಗೆ, ‘ಈ ಹೆಸರಿನ ಕಾಗುಣಿತ ಹೆಡರ್ ಫೈಲಿನಲ್ಲಿ ಇರುವಂತೆಯೇ ಇದೆ, ಬದಲಿಸಬೇಡಿ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದ್ದೇನೆ. ಅದರಲ್ಲಿನ ‘ನಾಟ್’ ಪದವನ್ನು ಮೂರು ಸಲ ಓದಿ ನೋಡಿದೆ.