ಚೀಟಿ ಸರಿಸಿ ಕಲಿತ ಇಂಗ್ಲಿಷ್ ವಾಕ್ಯ

ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ: ವಾಕ್ಯದ ಈ ನಾಲ್ಕು ಬಗೆಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಆದರೆ ಪ್ರಶ್ನೆ ಕೇಳಲು ಹೊರಟರೆ 'ವೇರ್ ಹಿ ವೆಂಟ್' ಎಂದೇ ಬಾಯಿಗೆ ಬರುತ್ತಿತ್ತು. ಎರಡು ತರಗತಿಗಳಿಗೆ ದುಡ್ಡು ಸುರಿದೆ. ಮೊದಲನೆಯದರ ಶುಲ್ಕ ಆಗಿನ ನನ್ನ ತಿಂಗಳ ಸಂಬಳದ ಅರ್ಧದಷ್ಟಿತ್ತು. ಅಲ್ಲಿ ಬಿಟ್ಟ ಸ್ಥಳ ತುಂಬಿದ್ದೇ ತುಂಬಿದ್ದು. ಎರಡನೆಯದರಲ್ಲಿ ಸಂಭಾಷಣೆಗಳ ಬಾಯಿಪಾಠ. ಮೊಬೈಲ್ ಆ್ಯಪಿಗೆ ವರ್ಷದ ಚಂದಾ ಬೇರೆ. ಅದರಿಂದ ಪದಕಗಳು ಬಂದವು, ವಾಕ್ಯ ಬರಲಿಲ್ಲ.

ಕಡೆಗೆ ಕೈಹಿಡಿದದ್ದು ರದ್ದಿ ಕಾಗದ ಮತ್ತು ಕತ್ತರಿ. ಇದು ಶಿಶುವಿಹಾರದ ಆಟ ಎಂದು ಜೊತೆಗೆ ಕಲಿಯುತ್ತಿದ್ದವರು ನಕ್ಕರು. ಕರ್ತೃವಿಗೊಂದು ಚೀಟಿ, ಕ್ಯಾನ್‌ನಂಥ ಸಹಾಯಕ ಕ್ರಿಯಾಪದಕ್ಕೊಂದು, ಮುಖ್ಯ ಕ್ರಿಯಾಪದಕ್ಕೊಂದು. 'ಶಿ ಕ್ಯಾನ್ ಸ್ವಿಮ್' ಎಂಬಲ್ಲಿ ಕ್ಯಾನ್ ಚೀಟಿಯನ್ನು ಮುಂದಕ್ಕೆ ಸರಿಸಿದರೆ ಪ್ರಶ್ನೆ, ಅದರ ಬೆನ್ನಿಗೆ ನಾಟ್ ಇಟ್ಟರೆ ನಿಷೇಧ. ಇಷ್ಟು ನಿಮಗೂ ಗೊತ್ತು.

ಕಾಡಿದ್ದು ಸಹಾಯಕವೇ ಇಲ್ಲದ ವಾಕ್ಯ. 'ಶಿ ವರ್ಕ್ಸ್' ತೆಗೆದುಕೊಳ್ಳಿ. ಸರಿಸಲು ಚೀಟಿಯೇ ಇಲ್ಲ. ಆಗ ವರ್ಕ್ಸ್ ಚೀಟಿಯ ಕೊನೆಯ ಎಸ್ ಅಕ್ಷರವನ್ನು ಕತ್ತರಿಸಿಯೇ ಬಿಟ್ಟೆ. ಆ ತುಂಡು ಒಂಟಿಯಾಗಿ ನಿಲ್ಲಲಾರದು. ಡು ಎಂಬ ಆಸರೆಗೆ ಅಂಟಿ ಡಸ್ ಆಗುತ್ತದೆ, ಮುಂದಕ್ಕೆ ಹೋಗುತ್ತದೆ: 'ಡಸ್ ಶಿ ವರ್ಕ್?' ಇದ್ದ ಒಂದೇ ಎಸ್ ಖರ್ಚಾಗಿದೆ. ಹಾಗಾಗಿ 'ಡಸ್ ಶಿ ವರ್ಕ್ಸ್' ಎನ್ನಲು ಮೇಜಿನ ಮೇಲೆ ಸಾಮಗ್ರಿಯೇ ಇರುವುದಿಲ್ಲ. ವೆಂಟ್ ಒಳಗಿನ ಭೂತಕಾಲ ಡಿಡ್ ಆಗಿ ಹೊರಬಿದ್ದರೆ ಉಳಿಯುವುದು ಬರೀ ಗೋ: 'ವೇರ್ ಡಿಡ್ ಹಿ ಗೋ?' ವರ್ಷಗಳ ಕಾಲ ತಲೆಗೆ ಹತ್ತದ ನಿಯಮ ಒಂದು ಸಂಜೆಯಲ್ಲಿ ಕೈಗೆ ಹತ್ತಿತು. 'ಹೂ ಬ್ರೋಕ್ ದ ಗ್ಲಾಸ್?' ಎಂಬಲ್ಲಿ ಮಾತ್ರ ಹೂ ತಾನೇ ಕರ್ತೃವಾಗಿ ಕುಳಿತಿರುವುದರಿಂದ ಏನನ್ನೂ ಸರಿಸಬೇಕಿಲ್ಲ.

ಆಮೇಲೆ ಹಲಗೆಯ ಮೇಲೆ ಎರಡು ಮನೆ ಗೀಚಿದೆ, ಕರ್ತೃವಿನದು ಮತ್ತು ಕ್ರಿಯಾಪದದ್ದು; ಯಾವುದೂ ಖಾಲಿ ಇರಕೂಡದು. 'ಅವಳು ವೈದ್ಯೆ' ಎಂದು ನಾವು ಕ್ರಿಯಾಪದವಿಲ್ಲದೆ ಮುಗಿಸುತ್ತೇವೆ. ಅಲ್ಲಿ ಈಸ್ ಇಡಲೇಬೇಕು. ಮಳೆ ಬರುವಾಗಲೂ 'ಇಟ್ ಈಸ್ ರೇನಿಂಗ್' ಎಂದು ಇಟ್ ಬಂದು ಕರ್ತೃವಿನ ಮನೆಯಲ್ಲಿ ಕೂರಬೇಕು. ಆಜ್ಞೆಗೆ ಮಾತ್ರ ಆ ಮನೆ ಖಾಲಿ ಬಿಡಲು ವಿನಾಯಿತಿ.

ನಡುವೆ ಇಂಗ್ಲಿಷ್ ಪತ್ರಿಕೆಯ ತಲೆಬರಹಗಳನ್ನೂ ಚೀಟಿ ಮಾಡಿ ನೋಡಿದೆ. ಅವು ಜಾಗ ಉಳಿಸಲು ಈಸ್, ದ ಎರಡನ್ನೂ ನುಂಗಿರುತ್ತವೆ. ಕಲಿಕೆಗೆ ಕೆಲಸಕ್ಕೆ ಬಾರದ ಸರಕು. ಫಲ ಕೊಟ್ಟದ್ದು ಪ್ರಶ್ನೆಯನ್ನು ಹೇಳಿಕೆಯೊಳಗೆ ಹುದುಗಿಸುವ ಪ್ರಯೋಗ. 'ಐ ಡೋಂಟ್ ನೋ ವೇರ್ ಹಿ ಲಿವ್ಸ್' ಎಂಬಲ್ಲಿ ಒಳಗಿನ ಚೀಟಿಗಳನ್ನು ಮುಟ್ಟಬಾರದು. 'ವಾಟ್ ಎ ಬಿಗ್ ಹೌಸ್ ಇಟ್ ಈಸ್!' ಎಂಬ ಉದ್ಗಾರದಲ್ಲಿಯೂ ಅಷ್ಟೆ, ಈಸ್ ಕೊನೆಯಲ್ಲೇ ಇರಲಿ.

ಒಟ್ಟು ಮೂರು ತಿಂಗಳು ಹಿಡಿದಿರಬಹುದು. ಈಗ ನಲವತ್ತು ಐವತ್ತು ಕ್ರಿಯಾಪದಗಳನ್ನು ಯಾವ ಬಗೆಗೆ ಬೇಕಾದರೂ ತಡವರಿಸದೆ ತಿರುಗಿಸುತ್ತೇನೆ. ನಕ್ಕವರಲ್ಲಿ ಇಬ್ಬರು ಚೀಟಿಯ ಡಬ್ಬಿಯನ್ನು ಎರವಲು ಕೇಳಿದ್ದಾರೆ. ಡಬ್ಬಿ ಕೊಡುತ್ತೇನೆ, ಯಾವ ಕ್ರಿಯಾಪದದ ನಂತರ ಯಾವುದನ್ನು ಎತ್ತಿಕೊಳ್ಳಬೇಕು ಎಂಬ ಪಟ್ಟಿ ನನ್ನ ಬಳಿಯೇ ಇರಲಿ. ಸದ್ಯ ಸಂಕೀರ್ಣ ವಾಕ್ಯಕ್ಕೆ ಕೈ ಹಾಕಿದ್ದೇನೆ. ಆಲ್ದೋ ಮತ್ತು ಬಟ್ ಎರಡನ್ನೂ ಒಂದೇ ಚೀಟಿಯ ಎರಡು ಬದಿಗೆ ಬರೆದಿದ್ದೇನೆ, ಒಂದೇ ವಾಕ್ಯದಲ್ಲಿ ಎರಡನ್ನೂ ಹೂಡಲು ಆಗಬಾರದೆಂದು.