ಗಾರೆಯಿಲ್ಲದೆ ನಿಂತ ತಡೆಗೋಡೆ: ನನ್ನ ಅನುಭವ

ಇಳಿಜಾರಿನ ಹಿತ್ತಲಿಗೆ ಗಾರೆಯಿಲ್ಲದ ಕಲ್ಲುಗೋಡೆಯನ್ನು ಕಟ್ಟುತ್ತೇನೆಂದು ನಾನು ಹೇಳಿದಾಗ ಒಪ್ಪಿದವರು ಒಬ್ಬರೂ ಇರಲಿಲ್ಲ. ಸಿಮೆಂಟ್ ಹಾಕಿ ಕಟ್ಟಿದ ಗೋಡೆಯೇ ಅದೇ ಜಾಗದಲ್ಲಿ ಎರಡು ಸಲ ಕೈಕೊಟ್ಟಿರುವಾಗ ಬರಿಯ ಕಲ್ಲು ಹೇಗೆ ನಿಂತೀತು ಎಂಬುದು ಎಲ್ಲರ ಪ್ರಶ್ನೆಯಾಗಿತ್ತು. ಆ ಗೋಡೆ ಈಗ ನಾಲ್ಕೈದು ಮಳೆಗಾಲಗಳನ್ನು ದಾಟಿದೆ. ಅಂದು ತಲೆಯಾಡಿಸಿದ ಮೇಸ್ತ್ರಿಗಳೇ ಇಂದು ಅಳತೆ ಕೇಳುತ್ತಿರುವುದರಿಂದ, ನೆನಪಿನಲ್ಲಿರುವಷ್ಟನ್ನು ಬರೆದಿಡುತ್ತಿದ್ದೇನೆ.

ಹಳೆಯ ಗೋಡೆಯನ್ನು ಬಿಚ್ಚುವಾಗ ಕಲಿತದ್ದೇ ಹೆಚ್ಚು. ಅದನ್ನು ಕಟ್ಟಿದ ಗುತ್ತಿಗೆದಾರರು ಸಿಮೆಂಟಿಗೆ ಕೊರತೆ ಮಾಡಿರಲಿಲ್ಲ. ನೀರು ಹೋಗಲು ಕಿಂಡಿಗಳನ್ನೂ ಬಿಟ್ಟಿದ್ದರು. ಆದರೂ ಎರಡನೆಯ ಮಳೆಗಾಲದಲ್ಲಿ ಗೋಡೆ ನಡುವೆ ಹೊಟ್ಟೆ ಬಿಟ್ಟು, ಮೂಲೆಯಿಂದ ಮೂಲೆಗೆ ಬಿರುಕೊಡೆಯಿತು. ಕಿತ್ತು ನೋಡಿದರೆ ಪ್ರತಿಯೊಂದು ಕಿಂಡಿಯ ಕೊಳವೆಯೊಳಗೂ ಜೇಡಿಮಣ್ಣು ಮೆತ್ತಿ, ಹಾರೆಯ ತುದಿಯಿಂದ ಕುಟ್ಟಿದರೂ ಸಡಿಲವಾಗದಷ್ಟು ಗಟ್ಟಿಯಾಗಿತ್ತು. ಗೋಡೆಯ ಬೆನ್ನಿಗೆ ಒಂದು ಬೊಗಸೆ ಜಲ್ಲಿಯನ್ನೂ ಹಾಕಿರಲಿಲ್ಲ. ಅಗೆದ ಮಣ್ಣನ್ನೇ ಇಟ್ಟಿಗೆಯ ಚೂರು ಮತ್ತು ಖಾಲಿ ಚೀಲಗಳ ಸಮೇತ ತಳ್ಳಿ ಮುಚ್ಚಿದ್ದರು. ಒಳಮೈಯಲ್ಲಿ ನೀರು ನಿಂತ ಕಂದು ಗುರುತು ತಳದಿಂದ ಸುಮಾರು 4 ಅಡಿ ಎತ್ತರಕ್ಕಿತ್ತು.

ಆ ಗುರುತನ್ನು ಕಂಡ ಮೇಲೆ ಲೆಕ್ಕ ಹಾಕಿದೆ. 5 ಅಡಿ ಎತ್ತರದ ಗೋಡೆಯನ್ನು ನೀರು ಬಸಿದ ಮಣ್ಣು ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ 650–700 ಕಿಲೋ ಬಲದಿಂದ ತಳ್ಳುತ್ತದೆ. ಹಿಂದೆ ತಲೆಯವರೆಗೂ ನೀರು ನಿಂತರೆ, ನೀರಿನ ಒತ್ತಡವೊಂದೇ 1,100 ಕಿಲೋ ದಾಟುತ್ತದೆ. ನೆನೆದ ಮಣ್ಣಿನ ಪಾಲು ಸೇರಿದರೆ ಒಟ್ಟು ಎರಡು ಪಟ್ಟಿಗಿಂತ ಹೆಚ್ಚು. ಗಾರೆಯಿಲ್ಲದ ಗೋಡೆಯಲ್ಲಿ ಪ್ರತಿಯೊಂದು ಸಂದೂ ಒಂದು ಕಿಂಡಿಯಾದ್ದರಿಂದ, ಬೆನ್ನಿಗೆ ಸರಿಯಾದ ಜಲ್ಲಿ ಇದ್ದರೆ ನೀರು ನಿಲ್ಲುವುದಕ್ಕೆ ಎಡೆಯೇ ಇರುವುದಿಲ್ಲ. ಉಳಿದದ್ದು ಕಲ್ಲಿನ ತೂಕದ ಕೆಲಸ. ನನ್ನ ಗೋಡೆಯ ತಳ 3 ಅಡಿ, ತಲೆ 2 ಅಡಿಗಿಂತ ತುಸು ಹೆಚ್ಚು. ಮೀಟರ್ ಒಂದಕ್ಕೆ ಸುಮಾರು ಎರಡೂವರೆ ಟನ್ ಭಾರ ಬೀಳುತ್ತದೆ. ಮುಂಮೈಯನ್ನು 6 ಅಡಿ ಎತ್ತರಕ್ಕೆ 1 ಅಡಿಯಂತೆ ದಿಬ್ಬದ ಕಡೆಗೆ ವಾಲಿಸಿದ್ದೇನೆ. ಇದಕ್ಕಾಗಿ ಮರದ ಪಟ್ಟಿಗಳಿಂದ ಚೌಕಟ್ಟು ಮಾಡಿ ಎರಡೂ ತುದಿಗೆ ನೆಟ್ಟು, ದಾರವನ್ನು ವರಸೆಯಿಂದ ವರಸೆಗೆ ಏರಿಸುತ್ತ ಹೋದೆ.

ಪಾಯವನ್ನು ಗಟ್ಟಿ ನೆಲ ಸಿಗುವವರೆಗೆ, ಅಂದರೆ ಒಂದೂಕಾಲು ಅಡಿಯಷ್ಟು ಇಳಿಸಿ, ತಳವನ್ನೂ ಹಿಂದಕ್ಕೆ ಸ್ವಲ್ಪ ಓರೆ ಮಾಡಿದೆ. ಅತಿ ದೊಡ್ಡ ಕಲ್ಲುಗಳೆಲ್ಲ ಅಲ್ಲಿಗೇ ಹೋದವು. ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಚಾಚಬೇಕು. ಅಂದಕ್ಕಾಗಿ ಉದ್ದವನ್ನು ಮುಖಕ್ಕೆ ತೋರಿಸುವವರ ಗೋಡೆಗಳು ಮೊದಲು ಬಾಯಿಬಿಡುವುದನ್ನು ನಾನು ಹಲವೆಡೆ ನೋಡಿದ್ದೇನೆ. ಗಜಕ್ಕೊಂದರಂತೆ ಗೋಡೆಯ ಪೂರ್ತಿ ದಪ್ಪಕ್ಕೆ ಚಾಚುವ ಕೀಲುಗಲ್ಲನ್ನು ಕೂರಿಸಿದೆ. ಒಳಹೊಟ್ಟೆಯ ಚಕ್ಕೆಗಳನ್ನು ಸುರಿಯದೆ ಒಂದೊಂದಾಗಿ ಕೈಯಿಂದ ಸಿಕ್ಕಿಸಿದೆ. ಒಂದು ವರಸೆ ಮುಗಿದಾಗ ಅದರ ಮೇಲೆ ನಡೆದು ನೋಡುತ್ತಿದ್ದೆ; ಅಲುಗಿದ ಕಲ್ಲನ್ನು ತೆಗೆದು ಮತ್ತೆ ಕೂರಿಸದೆ ಮೇಲಿನ ವರಸೆಗೆ ಹೋಗುತ್ತಿರಲಿಲ್ಲ. ಚಕ್ಕೆಗಳನ್ನು ಬಿಗಿಯುವ ಕ್ರಮದಲ್ಲಿ ನನ್ನದೇ ಆದ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಜೊತೆಗೆ ನಿಂತು ಕೆಲಸ ಮಾಡುವವರಿಗೆ ಕೈಯಾರೆ ತೋರಿಸುತ್ತೇನೆ.

ಬೆನ್ನಿಗೆ ಒಂದಡಿ ದಪ್ಪ 20 ಮಿ.ಮೀ. ಜಲ್ಲಿ, ತಳದಲ್ಲಿ ತೂತುಗಳಿರುವ 4 ಇಂಚಿನ ಕೊಳವೆ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುಬಟ್ಟೆ. ಕೊಳವೆಗೆ 100 ಅಡಿಗೆ 1 ಅಡಿಯ ಇಳುಕಲು ಕೊಟ್ಟು ಎರಡೂ ತುದಿಗಳನ್ನು ಹೊರಗೆ ತೆರೆದಿಟ್ಟಿದ್ದೇನೆ. ಕಟ್ಟಿಕೊಂಡರೆ ಮೇಲಿನ ತುದಿಯಿಂದ ನೀರು ಹಾಯಿಸಿ ತೊಳೆಯಬಹುದು. ಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ತುಂಬಿ ದಿಮ್ಮಸು ಹೊಡೆಯಬೇಕು. ತಲೆಯ ಮೇಲೆ ಅರ್ಧ ಅಡಿ ಜೇಡಿಮಣ್ಣು ಮುಚ್ಚಿದರೆ ಮೇಲಿನಿಂದ ಹರಿದು ಬರುವ ನೀರು ಜಲ್ಲಿಗಿಳಿಯದೆ ಪಕ್ಕಕ್ಕೆ ಸಾಗುತ್ತದೆ.

ಹಣದ ವಿಷಯಕ್ಕೆ ಬಂದರೆ, ಕಬ್ಬಿಣ–ಕಾಂಕ್ರೀಟಿನ ಗೋಡೆಗೆ ಹೇಳಿದ್ದ ಮೊತ್ತದ ಅರ್ಧಕ್ಕಿಂತ ತುಸು ಹೆಚ್ಚಿನಲ್ಲಿ ಇದು ಮುಗಿಯಿತು. ಕಲ್ಲಿನಲ್ಲಿ ಮೂರರಲ್ಲಿ ಎರಡು ಪಾಲು ಹಳೆಯ ಗೋಡೆಯದೇ. ಮೆತ್ತಿದ್ದ ಗಾರೆಯನ್ನು ಕೆತ್ತಿ ತೆಗೆಯಲು ಕೂಲಿ ಬಿತ್ತು, ಆದರೂ ಹೊಸ ಕಲ್ಲಿಗಿಂತ ಅಗ್ಗವಾಯಿತು. ಕೊಂಡ ಸಾಮಾನಿನಲ್ಲಿ ಅರ್ಧಕ್ಕೂ ಮಿಕ್ಕಿ ಹಣವನ್ನು ಜಲ್ಲಿಯೇ ನುಂಗಿತು, ಮತ್ತು ಜನ ಖರ್ಚು ಉಳಿಸಲು ಮೊದಲು ಕೈಬಿಡುವುದೂ ಅದನ್ನೇ. ಎಲ್ಲರ ಅಂದಾಜೂ ತಪ್ಪುವುದು ಮಣ್ಣು ಸಾಗಿಸುವ ಖರ್ಚಿನಲ್ಲಿ: ಅಗೆದ ಮಣ್ಣು ಉಬ್ಬಿ ಕಾಲು ಪಾಲಿನಷ್ಟು ಹೆಚ್ಚಾಗುತ್ತದೆ, ಗಾಡಿಯ ಬಾಡಿಗೆ ಏರುವುದು ಅಲ್ಲಿಯೇ.

ಗೋಡೆಯ ಒಂದು ಭಾಗದಲ್ಲಿ ಸೋಸುಬಟ್ಟೆಯ ಬದಲು ಒರಟು ಮರಳಿನ ಪದರ ಹಾಕಿ ನೋಡಿದೆ. ಮೊದಲ ಮಳೆಗೆ ಅಲ್ಲಿಂದ ಕದಡಿದ ನೀರು ಬಂದರೂ ಬೇಗ ತಿಳಿಯಾಯಿತು. ಬಟ್ಟೆ ಸಿಗದಿದ್ದರೆ ಮರಳೂ ಸಾಕು, ಆದರೆ ತುಂಬುವಾಗ ಹಲಗೆ ಕೊಟ್ಟು ಪದರಗಳನ್ನು ಬೇರೆಯಾಗಿಡುವ ಶ್ರಮ ಎರಡು ಪಟ್ಟು. ಗೋಡೆಯ ತಲೆಯ ಹಿಂದೆ ಸಾಲಾಗಿ ಲಾವಂಚ ನೆಟ್ಟದ್ದು ಇನ್ನೊಂದು ಪ್ರಯೋಗ. ಅದರ ಬೇರು ನೇರವಾಗಿ ಆಳಕ್ಕಿಳಿಯುವುದರಿಂದ ಕಲ್ಲನ್ನು ಸರಿಸುವುದಿಲ್ಲ, ಮೇಲ್ಮಣ್ಣನ್ನು ಹಿಡಿದಿಡುತ್ತದೆ. ಮರ ಬೆಳೆಯುವ ಸಸಿಯನ್ನು ಮಾತ್ರ ಗೋಡೆಯ ಹತ್ತಿರ ನಾನು ಬಿಡುವುದಿಲ್ಲ.

ಮಳೆಗಾಲದ ಮೊದಲು ಮತ್ತು ನಂತರ ದಾರ ಕಟ್ಟಿ ಅಳೆಯುತ್ತೇನೆ. ಮೊದಲ ವರ್ಷ ನಡುಭಾಗ ಅರ್ಧ ಇಂಚಿನಷ್ಟು ಕುಳಿತಿತ್ತು, ಆಮೇಲೆ ಕದಲಿಲ್ಲ. ದಿಬ್ಬದ ಮೇಲ್ಭಾಗಕ್ಕೆ ಇನ್ನೊಂದು ಗೋಡೆ ಬೇಕಾಗಿದೆ. ಇದನ್ನೇ ಎತ್ತರಿಸುವುದು ಸಲ್ಲದು, ಏಕೆಂದರೆ ಎತ್ತರ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ, ಉರುಳಿಸುವ ಬಲ ಎಂಟರಷ್ಟಾಗುತ್ತದೆ. ಹಾಗಾಗಿ ಕೆಳಗಿನ ಗೋಡೆಯ ಎತ್ತರದ ಎರಡರಷ್ಟು ದೂರ, ಅಂದರೆ ಸುಮಾರು 10 ಅಡಿ ಹಿಂದಕ್ಕೆ ಸರಿದು ಪಾಯಕ್ಕೆ ಗುರುತು ಹಾಕಿದ್ದೇನೆ. ದಿಬ್ಬದ ಅಂಚಿನಲ್ಲೇ ಮನೆಯೋ ವಾಹನ ಓಡಾಡುವ ದಾರಿಯೋ ಇದ್ದಿದ್ದರೆ ಈ ಕೆಲಸವನ್ನು ಎಂಜಿನಿಯರ್ ಲೆಕ್ಕವಿಲ್ಲದೆ ಕೈಗೆತ್ತಿಕೊಳ್ಳುತ್ತಿರಲಿಲ್ಲ.